ಸೂತ್ರಧಾರನಿಗೆ ನೆನಪು ಕೊಟ್ಟವಳು: ಪ್ರೇಮಾ ಕಾರಂತರ ‘ಫಣಿಯಮ್ಮ’ ಚಿತ್ರವನ್ನು ಕುರಿತು

1

ಸಂಸ್ಕೃತ ನಾಟಕಗಳ ಪ್ರಸ್ತಾವನೆಯಲ್ಲಿ ಸೂತ್ರಧಾರನ ಜೊತೆಗೆ ನಟಿಯೂ ರಂಗಕ್ಕೆ ಬರುವುದುಂಟು. ಕಾಳಿದಾಸನ ಶಾಕುಂತಲದಲ್ಲಿ ಸೂತ್ರಧಾರನು ಗ್ರೀಷ್ಮಋತುವನ್ನು ಕುರಿತು ಹಾಡುವಂತೆ ಆಕೆಯನ್ನು ಕೇಳುತ್ತಾನೆ. ಹಾಡಿನ ಮಾಧುರ್ಯಕ್ಕೆ ಮನಸೋತು, ಆ ದಿನ ಆಡಬೇಕಾದ ನಾಟಕ ಯಾವುದೆಂಬುದನ್ನೇ ಮರೆಯುತ್ತಾನೆ. ಅದರ ಹೆಸರನ್ನು ನೆನಪಿಗೆ ತಂದುಕೊಡುವವಳು ನಟಿ. ಪಾಠಹೇಳುವಾಗ ನಾವು ಈ ಭಾಗವನ್ನು ಮುಂದೆ ಬರುವ ದುಷ್ಯಂತನ ಮರೆವಿಗೆ ಸೂಚನೆಯೆಂದು ವಿವರಿಸಿ ಮುಂದೆ ಸಾಗುತ್ತೇವೆ. ಅದು ಸರಿಯೆ. ಆದರೆ ಇಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ. ನಾಟಕವನ್ನು ನಡೆಸುವ ಅಧಿಕಾರ ಸೂತ್ರಧಾರನದು. ನಾಟಕವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡಿರುವವಳು ನಟಿ. ಅಧಿಕಾರ ಒಬ್ಬರಲ್ಲಿಯೂ ಅರಿವು ಮತ್ತೊಬ್ಬರಲ್ಲಿಯೂ ಇರುವ ಈ ವಿಂಗಡಣೆ ನಮ್ಮ ರಂಗಭೂಮಿಯಲ್ಲಿ ಬಹುಕಾಲ ಉಳಿದು, ಅಲ್ಲಿಂದ ಚಲಚ್ಚಿತ್ರಕ್ಕೂ ಬಂದಿತು.

ನಟಿಯೇ ನಿರ್ದೇಶನದ ಅಧಿಕಾರವನ್ನು ಕೈಗೆ ತೆಗೆದುಕೊಂಡಾಗ ಕೃತಿಯಲ್ಲಿ ಆಗುವ ವ್ಯತ್ಯಾಸವೇನು? ಕೇವಲ ಹೆಸರಿನ ಬದಲಾವಣೆಯೆ, ಅಥವಾ ಕಾಣುವ ದೃಷ್ಟಿಯೇ ಬೇರೆಯಾಗುತ್ತದೆಯೆ? ಈ ಪ್ರಶ್ನೆಯನ್ನು ಪ್ರೇಮಾ ಕಾರಂತರ ‘ಫಣಿಯಮ್ಮ’ ಚಿತ್ರದ ಮೂಲಕ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಈ ಚಿತ್ರವನ್ನು ಸಾಮಾನ್ಯವಾಗಿ ವಿಧವೆಯರ ಸಮಸ್ಯೆಯನ್ನು ಕುರಿತ ಚಿತ್ರವೆಂದು ಹೇಳಿ ಮುಗಿಸುವುದು ವಾಡಿಕೆ. ವಸ್ತುವಿನ ದೃಷ್ಟಿಯಿಂದ ಅದು ನಿಜ. ಕಲೆಯ ದೃಷ್ಟಿಯಿಂದ ಅಷ್ಟೇ ಸಾಲದು.

2

ಈ ಪ್ರಶ್ನೆ ಚಿತ್ರೋದ್ಯಮದ ನೆಲೆಯಾದ ಬೆಂಗಳೂರಿಗೆ ಮಾತ್ರ ಸಂಬಂಧಪಟ್ಟದ್ದೆಂದು ತಿಳಿಯಬೇಕಾಗಿಲ್ಲ. ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟ ಹೋಬಳಿಯಂಥ ಕಡೆಯಲ್ಲಿ ಅದು ಇನ್ನೂ ಸ್ಪಷ್ಟವಾಗಿ ಕಣ್ಣಿಗೆ ಬೀಳುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆ ಪೌರಾಣಿಕ ನಾಟಕದ ಸೀಮೆಯೂ ಹೌದು. ಜಾತ್ರೆ ಹಬ್ಬಗಳ ಕಾಲದಲ್ಲಿ ಊರ ಗಂಡಸರು ಸೇರಿ ‘ಕುರುಕ್ಷೇತ್ರ’ವನ್ನೋ ಮತ್ತೊಂದು ಪೌರಾಣಿಕವನ್ನೋ ಆಡುತ್ತಾರೆ. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟರು ಅವರಿಗೆ ತಾಲೀಮು ಕೊಡುತ್ತಾರೆ. ಕೃಷ್ಣನಿಗೂ ದುರ್ಯೋಧನನಿಗೂ ಊರಿನಲ್ಲಿಯೇ ಜನ ಸಿಗುತ್ತಾರೆ. ದ್ರೌಪದಿಗೂ ರುಕ್ಮಿಣಿಗೂ ಸಿಗುವುದಿಲ್ಲ. ಆ ಪಾತ್ರಗಳಿಗೆ ಹೊರಗಿನಿಂದ ವೃತ್ತಿನಟಿಯರನ್ನು ಸಂಭಾವನೆ ಕೊಟ್ಟು ಕರೆಸುತ್ತಾರೆ.

ಈ ನಟಿಯ ಸ್ಥಿತಿ ವಿಚಾರಾರ್ಹವಾದುದು. ಊರವರೊಡನೆ ಆಕೆಗೆ ಹೆಚ್ಚಿನ ಅಭ್ಯಾಸವಿರುವುದಿಲ್ಲ. ಆದರೂ ಎದುರಿನ ಪಾತ್ರಧಾರಿ ಯಾವ ಶ್ರುತಿಯಲ್ಲಿ ಹಾಡಿದರೂ ಅದಕ್ಕೆ ಹೊಂದಿಕೊಂಡು ಹಾಡಬೇಕು. ಆತ ಮಾತು ಮರೆತರೆ ತನ್ನ ಮಾತಿನೊಳಗೆ ಅದನ್ನು ಸೇರಿಸಿ ಎತ್ತಿಕೊಡಬೇಕು. ಬಹುಮಾನ ಕೊಡಲು ರಂಗವೇರಿದವರಿಂದ ಕಥೆಯ ಓಟ ಕಡಿದರೆ ಮತ್ತೆ ಅದನ್ನು ಜೋಡಿಸಬೇಕು. ತನ್ನ ಪಾತ್ರವನ್ನು ಮಾತ್ರವಲ್ಲ, ಎಲ್ಲರ ಪಾತ್ರವನ್ನೂ ಆಕೆ ಬಲ್ಲಳು. ಹೀಗಿದ್ದರೂ ಕರಪತ್ರದಲ್ಲಿ ನಿರ್ದೇಶಕರೆಂಬ ಹೆಸರು ಮೇಷ್ಟರದು. ಮೇಷ್ಟರ ಶ್ರಮ ಅಲ್ಪವೆಂದು ಇದರ ಅರ್ಥವಲ್ಲ. ಬೆಳಗಾಗುವ ತನಕ ನಾಟಕವನ್ನು ದಡ ಮುಟ್ಟಿಸುವ ಜಾಣ್ಮೆಗೆ ನಮ್ಮಲ್ಲಿ ಒಂದು ಹೆಸರೇ ಇಲ್ಲವೆಂಬುದಷ್ಟೆ ನಮ್ಮ ಮಾತು. ಅದನ್ನು ನಾವು ‘ಅನುಭವ’ ಎನ್ನುತ್ತೇವೆ, ‘ನಿರ್ದೇಶನ’ ಎನ್ನುವುದಿಲ್ಲ.

ಕನ್ನಡ ಚಲಚ್ಚಿತ್ರದ ಬೇರು ಈ ರಂಗಭೂಮಿಯಲ್ಲಿಯೇ ಇದೆ. ತುರುವೇಕೆರೆಗೆ ನೆರೆಯ ತಾಲ್ಲೂಕಾದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯಿಂದ ಬಂದ ಕಲಾವಿದರು ನಮ್ಮ ವಾಕ್ಚಿತ್ರದ ಮೊದಲ ತಲೆಮಾರಿನಲ್ಲಿ ಬಹುಮಂದಿ. ಬಿ. ಜಯಮ್ಮನವರು ಆ ಕಂಪನಿಯ ರಂಗದಿಂದಲೇ ಚಿತ್ರಕ್ಕೆ ಬಂದರು. 1936ರ ‘ಸಂಸಾರ ನೌಕ’ದಲ್ಲಿ ನಟಿಸಿದ ಎಂ. ವಿ. ರಾಜಮ್ಮನವರೂ ರಂಗನಟಿಯೇ. ರಾಜಮ್ಮನವರು 1943ರಲ್ಲಿ ‘ರಾಧಾರಮಣ’ವನ್ನು ತಯಾರಿಸಿ ಕನ್ನಡದ ಮೊದಲ ನಿರ್ಮಾಪಕಿ ಎನಿಸಿದರು. ಹಣ ಹೂಡುವ ಅಧಿಕಾರ ಅಷ್ಟು ಬೇಗ ನಟಿಯೊಬ್ಬರ ಕೈಗೆ ಬಂದಿತು. ಆದರೆ ಕ್ಯಾಮರಾವನ್ನು ಎಲ್ಲಿ ಇಡಬೇಕೆಂದು ತೀರ್ಮಾನಿಸುವ ಅಧಿಕಾರ ಬರಲು ಇನ್ನೂ ಸುಮಾರು ನಲವತ್ತು ವರ್ಷ ಹಿಡಿಯಿತು. ಬೇರೆ ಭಾಷೆಗಳಲ್ಲಿ ಅದು ಇಷ್ಟು ತಡವಾಗಲಿಲ್ಲ. ಫಾತಿಮಾ ಬೇಗಂ 1926ರಲ್ಲಿಯೇ ಮುಂಬಯಿಯಲ್ಲಿ ಮೂಕಿಚಿತ್ರವೊಂದನ್ನು ನಿರ್ದೇಶಿಸಿದ್ದರು. ದಕ್ಷಿಣದಲ್ಲಿ ಭಾನುಮತಿಯವರು 1953ರಲ್ಲಿ ‘ಚಂಡೀರಾಣಿ’ಯನ್ನು ಮೂರು ಭಾಷೆಗಳಲ್ಲಿ ನಿರ್ದೇಶಿಸಿದರು. ಸತ್ಯಜಿತ್ ರಾಯ್ ಅವರ ಚಿತ್ರದಲ್ಲಿ ಬಾಲನಟಿಯಂತೆ ತೋರಿದ ಅಪರ್ಣಾ ಸೇನ್ 1981ರಲ್ಲಿ ‘36 ಚೌರಂಗಿ ಲೇನ್’ ಮೂಲಕ ನಿರ್ದೇಶಕಿಯಾದರು. ‘ಫಣಿಯಮ್ಮ’ ಅದರ ಹಿಂದೆಯೇ ಬಂದ ಚಿತ್ರ.

3

ಪ್ರೇಮಾ ಕಾರಂತರು (1936–2007) ಚಿತ್ರರಂಗದ ತಾರೆಯಾಗಿ ಹೆಸರಾದವರಲ್ಲ. ಅವರದು ರಂಗಭೂಮಿಯ ಬದುಕು. ಶಾಲೆಯ ಉಪಾಧ್ಯಾಯಿನಿಯಾಗಿದ್ದು, ಅನಂತರ ದೆಹಲಿಯ ರಾಷ್ಟ್ರೀಯ ನಾಟಕಶಾಲೆಯಲ್ಲಿ ಶಿಕ್ಷಣ ಪಡೆದು, ನಟಿಯಾಗಿ, ವಸ್ತ್ರವಿನ್ಯಾಸಕಿಯಾಗಿ, ಮಕ್ಕಳ ನಾಟಕಗಳ ನಿರ್ದೇಶಕಿಯಾಗಿ ದುಡಿದರು. ಬೆಂಗಳೂರಿನಲ್ಲಿ ‘ಬೆನಕ’ ತಂಡದೊಡನೆ ಅವರ ಸಂಬಂಧ ನಿಕಟವಾದುದು; ‘ಬೆನಕ ಮಕ್ಕಳ ಕೇಂದ್ರ’ವನ್ನು ಕಟ್ಟಿ ಬೆಳೆಸಿದವರು ಅವರೇ. ಅವರ ಪತಿ ಬಿ. ವಿ. ಕಾರಂತರು ಬಾಲ್ಯದಲ್ಲಿ ಗುಬ್ಬಿ ಕಂಪನಿಯನ್ನು ಸೇರಿ ಬೆಳೆದವರು. ಆದುದರಿಂದ ನಮ್ಮ ಜಿಲ್ಲೆಯ ಕಂಪನಿಯ ರಂಗಪರಂಪರೆಯೂ ದೆಹಲಿಯ ಆಧುನಿಕ ರಂಗಶಿಕ್ಷಣವೂ ಪ್ರೇಮಾ ಕಾರಂತರ ಬಳಿ ಒಂದೇ ಮನೆಯಲ್ಲಿ ಕೂಡಿದವು ಎನ್ನಬಹುದು.

ಚಿತ್ರರಂಗಕ್ಕೆ ಅವರ ಪ್ರವೇಶ ಆದುದು ಉಡುಪಿನ ಮೂಲಕ. ಗುಬ್ಬಿ ಕಂಪನಿಯಿಂದಲೇ ಬಂದ ಜಿ. ವಿ. ಅಯ್ಯರ್ ಅವರ ‘ಹಂಸಗೀತೆ’ (1975) ಚಿತ್ರಕ್ಕೆ ಅವರು ವಸ್ತ್ರವಿನ್ಯಾಸ ಮಾಡಿದರು. ಈ ಸಂಗತಿಯನ್ನು ಜೀವನಚರಿತ್ರೆಯ ಒಂದು ವಿವರವೆಂದು ಬಿಟ್ಟುಬಿಡುವಂತಿಲ್ಲ. ನಮ್ಮ ನಾಟ್ಯಶಾಸ್ತ್ರ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಮೈಯ ಚಲನೆ, ಮಾತು, ವೇಷಭೂಷಣ, ಅಂತರಂಗದ ಭಾವ ಇವು ನಾಲ್ಕು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರಾದ ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯ ಮೂಲಕ ಇಂಥ ಪರಿಭಾಷೆ ಕನ್ನಡ ವಿದ್ಯಾರ್ಥಿಗೆ ಸುಲಭವಾಗಿ ಒದಗಿದೆ. ಆದರೆ ಆಹಾರ್ಯವನ್ನು ನಾವು ಉಳಿದ ಮೂರಕ್ಕಿಂತ ಕೆಳಗಿನದೆಂದು ಭಾವಿಸುತ್ತೇವೆ. ಅದು ಹೊರಗಿನದು, ಬಣ್ಣ ಬಟ್ಟೆಗಳಿಗೆ ಸೇರಿದ್ದು ಎಂದು ನಮ್ಮ ಎಣಿಕೆ. ‘ಫಣಿಯಮ್ಮ’ದ ವಿಶೇಷವೆಂದರೆ, ಆಹಾರ್ಯವನ್ನೇ ವೃತ್ತಿಯಾಗಿ ಬಲ್ಲ ಕಲಾವಿದೆ ಅಲ್ಲಿ ಆಹಾರ್ಯದ ನಾಶವನ್ನೇ ವಸ್ತುವಾಗಿ ಆರಿಸಿಕೊಂಡದ್ದು.

ವೈಧವ್ಯದ ಸಂಸ್ಕಾರವೆಂದರೇನು? ಬಳೆಯನ್ನು ಒಡೆಯುವುದು, ಕುಂಕುಮವನ್ನು ಅಳಿಸುವುದು, ತಾಳಿಯನ್ನು ತೆಗೆಯುವುದು, ತಲೆಯನ್ನು ಬೋಳಿಸುವುದು, ಕೆಂಪು ಸೀರೆಯ ಸೆರಗನ್ನು ತಲೆಯ ಮೇಲೆ ಹೊದಿಸುವುದು. ಸಮಾಜ ಒಬ್ಬ ಹೆಂಗಸಿನ ವೇಷವನ್ನು ಕಳಚಿ ಮತ್ತೊಂದು ವೇಷವನ್ನು ತೊಡಿಸಿ, ಸಾಯುವ ತನಕ ಅದೇ ಪಾತ್ರವನ್ನು ಆಡೆಂದು ವಿಧಿಸುತ್ತದೆ. ರಂಗದ ವೇಷವನ್ನು ಆಟ ಮುಗಿದ ಮೇಲೆ ಕಳಚಬಹುದು, ಇದನ್ನು ಕಳಚುವಂತಿಲ್ಲ. ವೇಷದಿಂದ ವ್ಯಕ್ತಿ ಹೇಗೆ ಮತ್ತೊಬ್ಬಳಾಗುತ್ತಾಳೆಂಬುದನ್ನು ಕೈಯಾರೆ ಕಲಿತವರಿಗೆ ಈ ಕ್ರೂರತೆ ತತ್ತ್ವವಾಗಿ ಅಲ್ಲ, ವಸ್ತುವಾಗಿ ಗೋಚರಿಸುತ್ತದೆ. ಚಿತ್ರದ ಶಕ್ತಿಯ ಮೂಲ ಇಲ್ಲಿದೆ ಎಂದು ನಮಗೆ ತೋರುತ್ತದೆ.

4

ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿ 1976ರಲ್ಲಿ ಪ್ರಕಟವಾಯಿತು. ಅದು ಲೇಖಕಿಗೆ ಕುಟುಂಬದ ಹಿರಿಯರ ಮೂಲಕ ತಿಳಿದುಬಂದ, ನಿಜವಾಗಿ ಬಾಳಿದ ಹೆಂಗಸೊಬ್ಬಳ ಕಥೆ. ಮಲೆನಾಡಿನ ಬ್ರಾಹ್ಮಣ ಮನೆತನವೊಂದರಲ್ಲಿ ಹುಟ್ಟಿದ ಫಣಿ ಬಾಲ್ಯದಲ್ಲಿಯೇ ಮದುವೆಯಾಗುತ್ತಾಳೆ. ಹಾವು ಕಡಿದು ಗಂಡ ಸಾಯುತ್ತಾನೆ. ಮೈನೆರೆದ ಮೇಲೆ ಆಕೆಗೆ ಮುಂಡನವಾಗುತ್ತದೆ. ಆಮೇಲೆ ಆಕೆ ನೂರು ವರ್ಷವನ್ನು ಮೀರಿದ ಬಾಳನ್ನು ಮನೆಯ ಚಾಕರಿಯಲ್ಲಿ, ಒಪ್ಪೊತ್ತಿನ ಊಟದಲ್ಲಿ, ನೆರೆಹೊರೆಯವರ ಕಷ್ಟಕ್ಕೆ ಒದಗುವುದರಲ್ಲಿ ಕಳೆಯುತ್ತಾಳೆ. ಹೆರಿಗೆಯ ಸಂಕಟದಲ್ಲಿದ್ದ ಅಸ್ಪೃಶ್ಯ ಹೆಂಗಸಿನ ನೆರವಿಗೆ ಮಡಿಯನ್ನು ಬದಿಗಿಟ್ಟು ಹೋಗುತ್ತಾಳೆ. ದಾಕ್ಷಾಯಣಿ ಎಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲಾರೆನೆಂದು ಹಟ ಹಿಡಿದಾಗ ಆಕೆಯ ಪರವಾಗಿ ನಿಲ್ಲುತ್ತಾಳೆ.

ಇದೇ ಕಾಲದ ಎರಡು ಚಿತ್ರಗಳೊಡನೆ ಹೋಲಿಸಿದರೆ ಪ್ರೇಮಾ ಕಾರಂತರ ಆಯ್ಕೆ ಸ್ಪಷ್ಟವಾಗುತ್ತದೆ. ಮೊದಲನೆಯದು, ಇದೇ ಲೇಖಕಿಯ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲರು 1969ರಲ್ಲಿ ಮಾಡಿದ ‘ಗೆಜ್ಜೆಪೂಜೆ’. ಅಲ್ಲಿಯೂ ವಸ್ತು ಹೆಂಗಸಿನ ಮೇಲೆ ಸಮಾಜ ಹೊರಿಸಿದ ಕಟ್ಟಳೆಯೇ. ಕಲ್ಪನಾ ಅವರ ಅಭಿನಯ ಅದರಲ್ಲಿ ಶಿಖರವನ್ನು ಮುಟ್ಟಿದೆ. ಚಿತ್ರ ನಾಯಕಿಯ ಪ್ರಾಣತ್ಯಾಗದಲ್ಲಿ ಮುಗಿಯುತ್ತದೆ. ಕರುಣರಸ ಉಕ್ಕಿ ಹರಿಯುತ್ತದೆ. ಪ್ರೇಕ್ಷಕ ಅತ್ತು ಹಗುರಾಗಿ ಹೊರಬರುತ್ತಾನೆ. ಎರಡನೆಯದು ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977). ಅದು ಆ ದಶಕದ ಶ್ರೇಷ್ಠ ಚಿತ್ರಗಳಲ್ಲಿ ಒಂದು. ಅಲ್ಲಿ ತರುಣ ವಿಧವೆ ಯಮುನಕ್ಕನ ದುರಂತವನ್ನು ವೇದಪಾಠಶಾಲೆಯ ಹುಡುಗನೊಬ್ಬನ ಕಣ್ಣಿನಿಂದ ನಾವು ನೋಡುತ್ತೇವೆ. ಆಕೆಯ ಮುಂಡನ ಬರುವುದು ಕಥೆಯ ತುದಿಯಲ್ಲಿ. ಹುಡುಗ ಅದನ್ನು ಕಂಡು ಊರನ್ನು ಬಿಟ್ಟು ಹೋಗುತ್ತಾನೆ. ಅವನ ಜೊತೆಗೆ ನಾವೂ ಹೊರಟುಬಿಡುತ್ತೇವೆ.

‘ಫಣಿಯಮ್ಮ’ದಲ್ಲಿ ಕ್ರಮ ತಲೆಕೆಳಗಾಗಿದೆ. ಮುಂಡನ ಬಾಳಿನ ಆರಂಭದಲ್ಲಿಯೇ ಆಗಿಹೋಗುವ ಸಂಗತಿ. ಬೇರೆ ಚಿತ್ರಗಳಲ್ಲಿ ಕೊನೆಯ ದೃಶ್ಯವಾಗಬಹುದಾದುದು ಇಲ್ಲಿ ಪೀಠಿಕೆ. ಅಲ್ಲಿಂದ ಮುಂದೆ ಪ್ರಶ್ನೆ ‘ಅವಳಿಗೆ ಏನಾಯಿತು’ ಎಂಬುದಲ್ಲ, ‘ಅವಳು ಏನು ಮಾಡಿದಳು’ ಎಂಬುದು. ಊರು ಬಿಟ್ಟು ಹೋಗುವ ಹುಡುಗ ಇಲ್ಲಿಲ್ಲ. ಅದೇ ಮನೆಯಲ್ಲಿ ಉಳಿದು ಮರುದಿನ ಬೆಳಗ್ಗೆ ಎದ್ದು ಕೆಲಸಕ್ಕೆ ತೊಡಗುವವಳ ಜೊತೆಗೆ ನಾವೂ ಉಳಿಯಬೇಕು. ‘ಗೆಜ್ಜೆಪೂಜೆ’ಯಲ್ಲಿ ಹೆಂಗಸು ಸಾಯುವುದರಿಂದ ನಮಗೆ ಕಣ್ಣೀರು ಬರುತ್ತದೆ; ‘ಘಟಶ್ರಾದ್ಧ’ದಲ್ಲಿ ಆಕೆ ಬಹಿಷ್ಕೃತಳಾಗುವುದರಿಂದ ನಮಗೆ ನಾಚಿಕೆಯಾಗುತ್ತದೆ; ‘ಫಣಿಯಮ್ಮ’ದಲ್ಲಿ ಆಕೆ ಬದುಕುತ್ತಲೇ ಹೋಗುವುದರಿಂದ ನಮಗೆ ಲಜ್ಜೆಯೊಡನೆ ಗೌರವವೂ ಹುಟ್ಟುತ್ತದೆ. ಮೊದಲಿನ ಎರಡು ಚಿತ್ರಗಳನ್ನು ಕೀಳುಮಾಡುವುದು ನಮ್ಮ ಉದ್ದೇಶವಲ್ಲ. ನೋಡುವ ನೆಲೆ ಬೇರೆಯಾದುದರಿಂದ ರಸವೂ ಬೇರೆಯಾಯಿತೆಂಬುದಷ್ಟೆ ನಮ್ಮ ಅಭಿಪ್ರಾಯ.

ನಟಿಯ ಅನುಭವ ಇಲ್ಲಿ ಹೇಗೆ ಕೆಲಸ ಮಾಡಿದೆ? ನಟಿಯಾದವಳು ಸದಾ ನೋಡಿಸಿಕೊಳ್ಳುವವಳು. ಅನ್ಯರ ಕಣ್ಣು ತನ್ನ ಮೇಲೆ ಬಿದ್ದಾಗ ಮೈ ಹೇಗೆ ಕುಗ್ಗುತ್ತದೆ, ಯಾವ ನೋಟ ಅವಮಾನಪಡಿಸುತ್ತದೆ ಎಂಬುದು ಆಕೆಗೆ ಗೊತ್ತು. ಅಂಥವಳು ನೋಡುವ ಅಧಿಕಾರವನ್ನು ಪಡೆದಾಗ ಸಂಕಟವನ್ನು ಪ್ರದರ್ಶನಕ್ಕಿಡುವ ಆಸೆಗೆ ಬೀಳುವುದು ಕಷ್ಟ. ಫಣಿಯಮ್ಮನ ಬಾಳಿನಲ್ಲಿ ಕರುಣೆಗೆ ಎಡೆಯಿಲ್ಲದ ಗಳಿಗೆಯಿಲ್ಲ. ಆದರೂ ಚಿತ್ರ ಕರುಣೆಯನ್ನು ಬೇಡುವುದಿಲ್ಲ. ಅದು ನಮ್ಮ ಗಮನವನ್ನು ಕೆಲಸದ ಕಡೆಗೆ ತಿರುಗಿಸುತ್ತದೆ. ಹೆರಿಗೆಯ ಪ್ರಸಂಗವನ್ನೇ ನೋಡಬಹುದು. ಮಗುವನ್ನೇ ಹೆರದ ಹೆಂಗಸು, ಮುಟ್ಟಬಾರದೆಂದು ಕಲಿಸಲ್ಪಟ್ಟ ಕೈ, ಮತ್ತೊಬ್ಬಳ ಮಗುವಿಗೆ ದಾರಿ ಮಾಡಿಕೊಡುತ್ತದೆ. ಜಾತಿಯನ್ನು ಕುರಿತ ವಾದ ಇಲ್ಲಿ ಬೇಕಾಗಿಲ್ಲ, ಕೈಯೇ ವಾದ.

5

ಈ ದೃಷ್ಟಿಗೆ ಒದಗಿಬಂದುದು ಎಲ್. ವಿ. ಶಾರದಾ ಅವರ ಅಭಿನಯ. ಇಲ್ಲಿ ಒಂದು ಚಾರಿತ್ರಿಕ ಸಂಬಂಧವನ್ನು ಗಮನಿಸಬೇಕು. ಬಿ. ವಿ. ಕಾರಂತ ಮತ್ತು ಗಿರೀಶ ಕಾರ್ನಾಡರು ಎಸ್. ಎಲ್. ಭೈರಪ್ಪನವರ ಕಾದಂಬರಿಯಿಂದ ಮಾಡಿದ ‘ವಂಶವೃಕ್ಷ’ (1971) ಚಿತ್ರದಲ್ಲಿ ಕಾತ್ಯಾಯನಿಯ ಪಾತ್ರ ಶಾರದಾ ಅವರದು. ಕಾತ್ಯಾಯನಿ ತರುಣ ವಿಧವೆ. ವೈಧವ್ಯದ ವೇಷವನ್ನು ನಿರಾಕರಿಸಿ ಮರುಮದುವೆಯಾಗುತ್ತಾಳೆ, ಆ ನಿರಾಕರಣೆಗೆ ದೊಡ್ಡ ಬೆಲೆಯನ್ನೂ ತೆರುತ್ತಾಳೆ. ಹತ್ತು ವರ್ಷದ ಮೇಲೆ ಅದೇ ನಟಿ ಆ ವೇಷವನ್ನು ಪೂರ್ಣವಾಗಿ ತೊಟ್ಟ ಹೆಂಗಸಾಗಿ ಬಂದರು. ಎರಡು ಚಿತ್ರಗಳನ್ನೂ ನೋಡಿದ ಕನ್ನಡ ಪ್ರೇಕ್ಷಕನ ಮನಸ್ಸಿನಲ್ಲಿ ಕಾತ್ಯಾಯನಿಯ ನೆನಪು ಫಣಿಯಮ್ಮನ ಹಿಂದೆ ನೆರಳಿನಂತೆ ನಿಲ್ಲುತ್ತದೆ. ದಾಕ್ಷಾಯಣಿಯ ಪರವಾಗಿ ಫಣಿಯಮ್ಮ ಮಾತನಾಡುವಾಗ ಆ ಮಾತಿನ ಹಿಂದೆ ಎರಡು ಪಾತ್ರಗಳ ತೂಕವಿರುತ್ತದೆ.

ಆಹಾರ್ಯವನ್ನು ತೆಗೆದುಹಾಕಿದಾಗ ಅಭಿನಯಕ್ಕೆ ಉಳಿಯುವುದೇನು? ಕೇಶವಿಲ್ಲ, ಆಭರಣವಿಲ್ಲ, ಬಣ್ಣಬಣ್ಣದ ಉಡುಗೆಯಿಲ್ಲ. ನಮ್ಮ ಚಿತ್ರಗಳಲ್ಲಿ ನಾಯಕಿಯ ಭಾವವನ್ನು ಹೂವು, ಜಡೆ, ಬಳೆಗಳ ಮೂಲಕ ಸೂಚಿಸುವ ರೂಢಿ ಬಹಳ. ಆ ಸಾಧನಗಳೊಂದೂ ಇಲ್ಲಿಲ್ಲ. ಮಾತೂ ಮಿತ. ಇನ್ನುಳಿದುದು ಮುಖ, ಕೈ, ನಡಿಗೆ, ಕುಳಿತುಕೊಳ್ಳುವ ರೀತಿ. ಆಂಗಿಕವನ್ನೂ ಕನಿಷ್ಠಕ್ಕೆ ತಂದಾಗ ಸಾತ್ತ್ವಿಕವೊಂದೇ ಭಾರವನ್ನು ಹೊರಬೇಕು. ಶಾರದಾ ಅದನ್ನು ಹೊತ್ತಿದ್ದಾರೆ. ಇಂಥ ಅಭಿನಯವನ್ನು ಕೇಳಿ ಪಡೆಯುವ ಧೈರ್ಯ, ನಟನೆಯ ಒಳಗನ್ನು ಬಲ್ಲ ನಿರ್ದೇಶಕರಿಗೆ ಸಹಜವಾಗಿ ಬರುವಂಥದು. ನಟಿ ಏನನ್ನೂ ಮಾಡದೆ ಇರುವಾಗಲೂ ಏನೋ ನಡೆಯುತ್ತಿರುತ್ತದೆಂಬ ನಂಬಿಕೆ ಅದಕ್ಕೆ ಬೇಕು. ಚಿತ್ರದ ಸಂಗೀತ ಬಿ. ವಿ. ಕಾರಂತರದು. 1982ರ ಚಿತ್ರಗಳಿಗೆ ಕೊಟ್ಟ 30ನೆಯ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ‘ಫಣಿಯಮ್ಮ’ ಕನ್ನಡದ ಅತ್ಯುತ್ತಮ ಚಿತ್ರವೆಂದು ಗೌರವ ಪಡೆಯಿತು.

ಚಿತ್ರಕ್ಕೆ ಮಿತಿಗಳಿಲ್ಲವೆಂದಲ್ಲ. ಫಣಿಯಮ್ಮನ ಸಹನೆ ಎಷ್ಟು ಸಂಪೂರ್ಣವಾದುದೆಂದರೆ, ಕೆಲವೊಮ್ಮೆ ಆಕೆ ಹೆಂಗಸಾಗಿರದೆ ಪುಣ್ಯಮೂರ್ತಿಯಾಗಿಬಿಡುವ ಅಪಾಯವಿದೆ. ತನ್ನ ಮೇಲೆ ನಡೆದ ಅನ್ಯಾಯಕ್ಕೆ ಆಕೆಯಲ್ಲಿ ಸಿಟ್ಟು ಇಲ್ಲವೆ? ಇದ್ದರೆ ಅದು ಎಲ್ಲಿ ಹೋಯಿತು? ಪರರಿಗಾಗಿ ಮಾತನಾಡುವ ಆಕೆ ತನಗಾಗಿ ಒಂದು ಮಾತನ್ನೂ ಆಡುವುದಿಲ್ಲ. ಇಂಥ ಪಾತ್ರವನ್ನು ಪೂಜ್ಯಭಾವದಿಂದ ನೋಡುವುದು ಪ್ರೇಕ್ಷಕನಿಗೆ ಬಹಳ ಸುಲಭ. ಪೂಜಿಸಿದ ಮೇಲೆ ತನ್ನ ಪಾಲಿನ ಹೊಣೆ ತೀರಿತೆಂದು ಆತ ಭಾವಿಸಬಹುದು. ಆದರೆ ಈ ಆಕ್ಷೇಪಕ್ಕೆ ಉತ್ತರ ಚಿತ್ರದೊಳಗೇ ಸ್ವಲ್ಪಮಟ್ಟಿಗೆ ಇದೆ. ಸಿಟ್ಟು ದಾಕ್ಷಾಯಣಿಯ ರೂಪದಲ್ಲಿ ಬರುತ್ತದೆ. ಒಂದು ತಲೆಮಾರು ನುಂಗಿಕೊಂಡುದನ್ನು ಇನ್ನೊಂದು ತಲೆಮಾರು ಹೊರಹಾಕುತ್ತದೆ. ನುಂಗಿಕೊಂಡವಳೇ ಅದಕ್ಕೆ ಒತ್ತಾಸೆಯಾಗುತ್ತಾಳೆ. ಸಹನೆಯನ್ನು ಆದರ್ಶವೆಂದು ಬೋಧಿಸುವ ಚಿತ್ರ ಇಂಥ ಒಂದು ಪ್ರಸಂಗಕ್ಕೆ ಎಡೆಗೊಡುತ್ತಿರಲಿಲ್ಲ.

6

ನಾವು ಕಂಡ ಈ ಲಕ್ಷಣ ಒಬ್ಬರ ವೈಯಕ್ತಿಕ ಸ್ವಭಾವವೇ ಅಥವಾ ನಟಿಯರ ನಿರ್ದೇಶನದಲ್ಲಿ ಸಾಮಾನ್ಯವಾಗಿ ಕಾಣುವಂಥದೆ? ದೂರದ ಒಂದು ನಿದರ್ಶನದಿಂದ ಇದನ್ನು ಪರೀಕ್ಷಿಸಬಹುದು. ನಾರ್ವೆಯ ಲಿವ್ ಉಲ್ಮನ್ (ಜನನ 1938) ಸ್ವೀಡನ್ನಿನ ಇಂಗ್ಮಾರ್ ಬರ್ಗ್‌ಮನ್ನರ ಚಿತ್ರಗಳಿಂದ ಲೋಕಪ್ರಸಿದ್ಧರಾದ ನಟಿ. 1966ರ ‘ಪರ್ಸೋನಾ’ದಲ್ಲಿ ಅವರದು ಮಾತನ್ನೇ ಬಿಟ್ಟುಬಿಟ್ಟ ರಂಗನಟಿಯ ಪಾತ್ರ, ಹೆಚ್ಚುಕಡಿಮೆ ಇಡೀ ಚಿತ್ರವನ್ನು ಮುಖದಿಂದಲೇ ಅಭಿನಯಿಸಿದರು. ಅದಾಗಿ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, 1992ರಲ್ಲಿ, ‘ಸೋಫಿ’ ಎಂಬ ಅವರ ಮೊದಲ ಪೂರ್ಣಪ್ರಮಾಣದ ಚಿತ್ರ ಬಂದಿತು. ಆಮೇಲೆ ಸಿಗ್ರಿಡ್ ಉಂಡ್‌ಸೆಟ್ ಅವರ ಕಾದಂಬರಿಯನ್ನು ಆಧರಿಸಿದ ‘ಕ್ರಿಸ್ಟಿನ್ ಲಾವ್ರಾನ್ಸ್‌ಡಾಟರ್’ (1995), ಬರ್ಗ್‌ಮನ್ನರೇ ಬರೆದುಕೊಟ್ಟ ‘ಫೇತ್‌ಲೆಸ್’ (2000), ಸ್ಟ್ರಿಂಡ್‌ಬರ್ಗ್‌ನ ನಾಟಕದಿಂದ ‘ಮಿಸ್ ಜೂಲಿ’ (2014) ಬಂದವು.

‘ಸೋಫಿ’ಯ ವಸ್ತುವನ್ನು ಗಮನಿಸಿದರೆ ಆಶ್ಚರ್ಯವಾಗುತ್ತದೆ. 19ನೆಯ ಶತಮಾನದ ಕೊನೆಯ ಕಾಲದ ಕೋಪನ್‌ಹೇಗನ್. ಆಚಾರವಂತ ಯೆಹೂದ್ಯ ಮನೆತನ. ಮನೆಯ ಮಗಳು ಅನ್ಯಮತದ ಚಿತ್ರಕಾರನನ್ನು ಪ್ರೀತಿಸುತ್ತಾಳೆ, ಆದರೆ ಮನೆಯವರ ಇಚ್ಛೆಗೆ ತಲೆಬಾಗಿ ನೆಂಟರ ಹುಡುಗನನ್ನು ಮದುವೆಯಾಗುತ್ತಾಳೆ. ಆಮೇಲಿನ ದೀರ್ಘ ಬಾಳೇ ಕಥೆ. ತಂದೆತಾಯಿ ದುಷ್ಟರಲ್ಲ, ಮಗಳನ್ನು ಬಹಳವಾಗಿ ಪ್ರೀತಿಸುವವರು. ಪ್ರೀತಿಯ ಮೂಲಕವೇ ಕಟ್ಟಳೆ ಆಕೆಯನ್ನು ಹಿಡಿಯುತ್ತದೆ. ತೀರ್ಥಹಳ್ಳಿಯ ಕಡೆಯ ಮಲೆನಾಡಿಗೂ ಡೆನ್ಮಾರ್ಕಿನ ಆ ಮನೆಗೂ ಯಾವ ಸಂಬಂಧವೂ ಇಲ್ಲ. ಆದರೂ ಇಬ್ಬರು ನಟಿಯರು ಮೊದಲ ಬಾರಿಗೆ ನಿರ್ದೇಶನದ ಅಧಿಕಾರವನ್ನು ಪಡೆದಾಗ ಆರಿಸಿಕೊಂಡದ್ದು ಒಂದೇ ಬಗೆಯ ವಸ್ತು: ಆಚಾರದ ಮನೆ, ಅದರೊಳಗೆ ಹೆಂಗಸಿನ ಉದ್ದವಾದ ಬಾಳು, ಹೊರಕ್ಕೆ ಕಾಣದ ಒಳಬದುಕು. ಒಬ್ಬರು ಇನ್ನೊಬ್ಬರನ್ನು ಅನುಸರಿಸಿದರೆಂದು ಹೇಳಲು ಆಧಾರವಿಲ್ಲ, ಅಗತ್ಯವೂ ಇಲ್ಲ. ವಿಧಿಸಿದ ಪಾತ್ರವನ್ನು ಆಡುತ್ತಲೇ ಅದರೊಳಗೆ ತನ್ನದೊಂದು ಬಾಳನ್ನು ಉಳಿಸಿಕೊಳ್ಳುವುದು ಹೇಗೆಂಬ ಪ್ರಶ್ನೆ ನಟಿಯ ವೃತ್ತಿಯಲ್ಲಿಯೇ ಇದೆ. ಅದನ್ನೇ ಇಬ್ಬರೂ ಚಿತ್ರದಲ್ಲಿ ಕೇಳಿದ್ದಾರೆ.

ಇಬ್ಬರ ನಡುವಿನ ವ್ಯತ್ಯಾಸವನ್ನೂ ಮರೆಯಬಾರದು. ಉಲ್ಮನ್ನರಿಗೆ ನಿರ್ದೇಶನದ ಅವಕಾಶ ತಡವಾಗಿ ಬಂದರೂ, ಬಂದ ಮೇಲೆ ಎರಡು ದಶಕಗಳ ಕಾಲ ಮುಂದುವರಿಯಿತು. ಪ್ರೇಮಾ ಕಾರಂತರು ‘ಫಣಿಯಮ್ಮ’ದ ಅನಂತರ ಮಕ್ಕಳಿಗಾಗಿ ‘ನಕ್ಕಳಾ ರಾಜಕುಮಾರಿ’ಯನ್ನೂ ಹಿಂದಿಯಲ್ಲಿ ‘ಬಂದ್ ಝರೋಖೇ’ಯನ್ನೂ ಮಾಡಿದರು, ಆದರೆ ಅವರ ಚಿತ್ರಗಳ ಸಂಖ್ಯೆ ಅಲ್ಪವಾಗಿಯೇ ಉಳಿಯಿತು. ಅವರ ದುಡಿಮೆಯ ಬಹುಭಾಗ ಮಕ್ಕಳ ರಂಗಭೂಮಿಗೆ ಸಂದಿತು. ನಮ್ಮ ವಿಮರ್ಶೆ ಮಕ್ಕಳ ನಾಟಕವನ್ನು ಗಣನೆಗೆ ತೆಗೆದುಕೊಳ್ಳುವುದು ಅಪರೂಪವಾದುದರಿಂದ, ಅವರ ಹೆಸರು ಒಂದು ಚಿತ್ರಕ್ಕೆ ಅಂಟಿಕೊಂಡು ನಿಂತುಬಿಟ್ಟಿದೆ. ‘ಸೋಲಿಸಬೇಡ ಗೆಲಿಸಯ್ಯ’ ಎಂಬ ಅವರ ಆತ್ಮಕಥನವನ್ನು ಓದಿದವರಿಗೆ ಆ ಒಂದು ಚಿತ್ರದ ಹಿಂದೆ ಎಷ್ಟು ಬಾಳು ಇತ್ತೆಂಬುದು ತಿಳಿಯುತ್ತದೆ.

ಅವರ ಅನಂತರ ದಾರಿ ಸ್ವಲ್ಪ ಅಗಲವಾಯಿತು. ಪುಟ್ಟಣ್ಣನವರ ‘ರಂಗನಾಯಕಿ’ಯಲ್ಲಿ (1981) ಕಂಪನಿ ನಾಟಕದ ನಟಿಯ ಪಾತ್ರವನ್ನು ಮರೆಯಲಾಗದಂತೆ ಅಭಿನಯಿಸಿದ ಆರತಿಯವರು 2005ರಲ್ಲಿ ‘ಮಿಠಾಯಿ ಮನೆ’ಯನ್ನು ನಿರ್ದೇಶಿಸಿದರು. ನಟಿಯಾದ ವಿಜಯಲಕ್ಷ್ಮೀ ಸಿಂಗ್ 2007ರಲ್ಲಿ ‘ಈ ಬಂಧನ’ವನ್ನು ಮಾಡಿದರು. ಈ ಹೆಸರುಗಳನ್ನು ಬೆರಳಿನಲ್ಲಿ ಎಣಿಸುವಂತಿದೆ ಎಂಬುದೇ ವಿಚಾರಮಾಡಬೇಕಾದ ಸಂಗತಿ. ಸಾವಿರಾರು ಚಿತ್ರಗಳಲ್ಲಿ ನಟಿಸಿದ ಹೆಂಗಸರಿಗೆ ಚಿತ್ರವನ್ನು ಕುರಿತು ತಿಳಿದಿದ್ದುದು ಎಷ್ಟು? ಅದರಲ್ಲಿ ಚಿತ್ರವಾದುದು ಎಷ್ಟು?

7

ಈ ವಿವೇಚನೆಯಿಂದ ಬರುವ ನಿರ್ಣಯ ಇಷ್ಟು. ‘ಫಣಿಯಮ್ಮ’ ವಿಧವೆಯ ಮೇಲೆ ಕನಿಕರ ತೋರಿಸಿದ ಚಿತ್ರವಲ್ಲ. ವೇಷದ ಬಲವನ್ನು ಬಲ್ಲ ಕಲಾವಿದೆ, ಬಲಾತ್ಕಾರದ ವೇಷದೊಳಗೂ ನಾಶವಾಗದೆ ಉಳಿದ ಕರ್ತೃತ್ವವನ್ನು ಕಂಡುಹಿಡಿದ ಚಿತ್ರ. ಆ ಕಾಣ್ಕೆ ನಿರ್ದೇಶನದ ಪಾಠಗಳಿಂದ ಮಾತ್ರ ಬಂದುದಲ್ಲ. ಬಣ್ಣದ ಕೋಣೆಯಲ್ಲಿ, ತಾಲೀಮಿನಲ್ಲಿ, ರಂಗದ ಪಕ್ಕದಲ್ಲಿ ಕಾದು ನಿಂತಿರುವ ಗಳಿಗೆಗಳಲ್ಲಿ ಬಂದುದು. ನಮ್ಮ ಸೀಮೆಯ ಅಟ್ಟದ ಮೇಲೆ ಬಹು ತಿಂಗಳು ಯಾರ ಕಣ್ಣಿಗೂ ಬೀಳದೆ ತೆಂಗಿನಕಾಯಿ ಕರಟದೊಳಗೇ ಉಂಡೆಕೊಬ್ಬರಿಯಾಗುವಂತೆ, ಈ ಅರಿವೂ ಒಳಗೇ ಮಾಗುತ್ತದೆ. ಒಡೆದು ನೋಡುವವರಿಲ್ಲದಿದ್ದರೆ ಅದು ಇದ್ದುದೇ ಗೊತ್ತಾಗುವುದಿಲ್ಲ.

ಆದುದರಿಂದ ಕಾಲೇಜಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೈಗೊಳ್ಳಬೇಕಾದ ಕೆಲಸವೊಂದಿದೆ. ದಬ್ಬೇಘಟ್ಟದ ಸುತ್ತಣ ಹಳ್ಳಿಗಳಲ್ಲಿಯೂ ತಿಪಟೂರು, ಚಿಕ್ಕನಾಯಕನಹಳ್ಳಿಗಳಲ್ಲಿಯೂ ಪೌರಾಣಿಕ ನಾಟಕಗಳು ನಡೆದಾಗ, ದ್ರೌಪದಿಯಾಗಿ ಬಂದ ನಟಿಯನ್ನು ಆಕೆಯ ಒಪ್ಪಿಗೆಯನ್ನು ಪಡೆದು ಮಾತನಾಡಿಸಬೇಕು. ಎಷ್ಟು ನಾಟಕಗಳು ಆಕೆಗೆ ಕಂಠಸ್ಥವಾಗಿವೆ, ಯಾವ ಹಾಡಿಗೆ ಯಾವ ಮಟ್ಟು, ಎದುರಿನವನು ಮಾತು ತಪ್ಪಿದಾಗ ಏನು ಮಾಡುತ್ತಾಳೆ, ನಾಟಕ ಬೆಳಗಿನ ತನಕ ಜಗ್ಗದಂತೆ ಯಾವ ಭಾಗವನ್ನು ಹಿಗ್ಗಿಸುತ್ತಾಳೆ, ಯಾವುದನ್ನು ಕುಗ್ಗಿಸುತ್ತಾಳೆ ಎಂಬುದನ್ನು ಬರೆದುಕೊಳ್ಳಬೇಕು. ಆಕೆಯ ಖಾಸಗಿ ಬದುಕನ್ನು ಕೆದಕುವುದು ಈ ಕೆಲಸದ ಗುರಿಯಾಗಬಾರದು. ಆಕೆಯ ವಿದ್ಯೆಯನ್ನು ವಿದ್ಯೆಯೆಂದು ಗುರುತಿಸುವುದೇ ಗುರಿಯಾಗಬೇಕು. ಈ ನಟಿಯರಲ್ಲಿ ಹಲವರು ಮುದಿತನದಲ್ಲಿದ್ದಾರೆ. ಅವರೊಡನೆ ಹೋಗುವ ಅರಿವು ಮತ್ತೆ ಬಾರದು. ಪ್ರೇಮಾ ಕಾರಂತರಿಗೆ ಒಂದು ‘ಫಣಿಯಮ್ಮ’ವನ್ನು ಮಾಡುವ ಅವಕಾಶವಾದರೂ ದೊರೆಯಿತು. ಚಪ್ಪರದ ನಟಿಗೆ ಅದಿಲ್ಲ. ಕರಪತ್ರದಲ್ಲಿ ಆಕೆಗೆ ಸಲ್ಲಬೇಕಾದ ಹೆಸರನ್ನು ಕನಿಷ್ಠ ನಮ್ಮ ಸಂಶೋಧನೆಯಲ್ಲಾದರೂ ಸಲ್ಲಿಸಬಹುದು.